ಕೀಲಿಯೂ ಕಾವಲೂ

ಕಂಬೈನಲ್ಲೂರಿನಲ್ಲಿ ನಾವು ಪರವೂರಿಗೆ ಹೊರಟಾಗ, ದನಕ್ಕೆ ಹುಲ್ಲು ಹಾಕುವವರಿಗೆ ಕೊಟ್ಟಿಗೆಯ ಬೀಗದ ಕೈ ಕೊಡುತ್ತೇವೆ, ಪೆಟ್ಟಿಗೆಯದನ್ನು ಕೊಡುವುದಿಲ್ಲ. ಕಂಪ್ಯೂಟರಿಗೂ ಇದೇ ನೀತಿ.

ದೂರದ ಕಂಪ್ಯೂಟರು ತನ್ನಲ್ಲಿ ನಡೆದುದನ್ನು ದಿನಚರಿಯಂತೆ ಬರೆದಿಡುವ ಕಡತವೇ ‘ಲಾಗ್’. ಅದನ್ನು ಪ್ರತಿ ರಾತ್ರಿ ತಾನಾಗಿಯೇ ತರಿಸಲು ಗುಪ್ತಪದವನ್ನು ಆಜ್ಞೆಗಳೊಡನೆ ಬರೆದಿಟ್ಟರೆ, ಕಂಡವರೆಲ್ಲ ಒಳನುಗ್ಗಬಹುದು.

1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ರಚಿಸಿದ ‘ಎಸ್‌ಎಸ್‌ಎಚ್’ನಲ್ಲಿ ಇದಕ್ಕೆ ಜೋಡಿ ಕೀಲಿಗಳ ಉಪಾಯವುಂಟು. ಬಹಿರಂಗ ಕೀಲಿ ದೂರದ ಯಂತ್ರದಲ್ಲಿ, ಗುಪ್ತ ಕೀಲಿ ನಮ್ಮಲ್ಲಿ. ಇಂದು ಗುಪ್ತ ಕೀಲಿಯಿಂದ ಹಾಕಿದ ರುಜುವನ್ನು ಆ ಯಂತ್ರವು ಬಹಿರಂಗ ಕೀಲಿಯಿಂದ ಪರೀಕ್ಷಿಸುತ್ತದೆ. ಗುಪ್ತ ಕೀಲಿ ಮಾತ್ರ ನಮ್ಮಲ್ಲಿಂದ ಕದಲುವುದಿಲ್ಲ.

ಆದರೂ ಎಚ್ಚರ! ರಾತ್ರಿ ಒಂಟಿಯಾಗಿ ದುಡಿಯುವ ಕೀಲಿಗೆ ಸಾಮಾನ್ಯವಾಗಿ ಬೇರೆ ಗುಪ್ತಪದದ ಕಾವಲಿರುವುದಿಲ್ಲ. ಆದುದರಿಂದ ಅದಕ್ಕೆ ಲಾಗ್ ಓದುವ ಅಧಿಕಾರವಷ್ಟೇ ಇರಲಿ, ಕೊಟ್ಟಿಗೆಯ ಬೀಗದ ಕೈಯಂತೆ.