ಇಟಲಿಗೆ ಹೊರಟ ಬ್ಯಾಗು

ಇಟಲಿ ಗ್ರೂಪ್ ಟೂರ್‌ಗೆ ಹತ್ತು ದಿನ ಇರುವಾಗ ಅಮ್ಮ, ‘ನೀನೊಬ್ಬಳೇ ಹೋಗಿ ಬಾ, ನನ್ನ ಮಂಡಿನೋವು ನಿನಗ್ಯಾಕೆ’ ಅಂದುಬಿಟ್ಟಳು. ನನ್ನ ಎರಡು ವರ್ಷದ ಉಳಿತಾಯ ಅದು! ಷೆಂಗೆನ್ ವೀಸಾ, ಅದಕ್ಕೆ ಬೇಕಾದ 30,000 ಯೂರೊ ವಿಮೆ ಎಲ್ಲ ಆಗಿತ್ತು.

ಅವಳ ಹೆದರಿಕೆ ಸುಳ್ಳೂ ಅಲ್ಲ. ನಮ್ಮ ಹೋಟೆಲ್ ಇದ್ದದ್ದು ಹಳೆಯ ವೆನಿಸ್ ಒಳಗೆ. ಅಲ್ಲಿ ಬಸ್ಸು, ಕಾರು ಓಡುವುದಿಲ್ಲ. ಸೇತುವೆಗಳೇ 400ಕ್ಕೂ ಹೆಚ್ಚು, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಚಕ್ರದ ಸೂಟ್‌ಕೇಸಾದರೂ ಕೈಯಲ್ಲಿ ಎತ್ತಿಕೊಂಡೇ ದಾಟಬೇಕು.

ಅಂದು ಸಂಜೆಯೇ ಅಮ್ಮನ ಬ್ಯಾಗು ಅವಳ ಕೈಗೇ ಕೊಟ್ಟು ಮಹಡಿ ಹತ್ತಲು ಹೇಳಿದೆ. ನಾಲ್ಕನೇ ಮೆಟ್ಟಿಲಿಗೆ ಕೂತಳು. ಬಿಚ್ಚಿ ನೋಡಿದರೆ ಐದು ರೇಷ್ಮೆ ಸೀರೆ, ಪುಟ್ಟ ಕುಕ್ಕರ್! ತುಪ್ಪದ ಡಬ್ಬಿಯನ್ನಂತೂ ತೆಗೆಯಲೇಬೇಕಿತ್ತು, ಹೊರಗಿನವರು ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಚಟ್ನಿಪುಡಿ ಉಳಿಯಿತು. ರೋಮ್‌ನ ಬೀದಿ ನಲ್ಲಿಗಳ ನೀರು ಕುಡಿಯಬಹುದಾದ್ದರಿಂದ ಖಾಲಿ ಬಾಟಲಿ ಸೇರಿತು. ನನ್ನ ಬ್ಯಾಗಿಗೊಂದು ಶಾಲು, ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗೆ ಭುಜ ಮುಚ್ಚಿರಬೇಕಲ್ಲ. ಕಲ್ಲುಹಾಸಿನ ರಸ್ತೆಗೆಂದು ಕೊಂಡ ಶೂ ಹಾಕಿಕೊಂಡೇ ಅಮ್ಮ ದಿನವೂ ಹಾಲು ತರಲು ಹೋದಳು.

ಹೊರಡುವ ಹಿಂದಿನ ದಿನ ಬ್ಯಾಗು ಎಂಟು ಕೆ.ಜಿ.ಗೆ ಇಳಿದಿತ್ತು. ಅಮ್ಮ ನಿಧಾನವಾಗಿ ಮಹಡಿ ತಲುಪಿ ಮೇಲಿನಿಂದಲೇ ಕೂಗಿದಳು: ‘ಈಗ ನಿನ್ನದು ಎತ್ತಿಕೊಂಡು ಬಾ, ನೋಡೋಣ!’