ಪಿಷ್ಟದಿಂದ ಸಕ್ಕರೆ: ಬ್ಯಾಕ್ಟೀರಿಯದ ಕಿಣ್ವಗಳ ಉಪಯೋಗ

ಅನ್ನದ ತುತ್ತೊಂದನ್ನು ನುಂಗದೆ ಕೆಲಕಾಲ ಬಾಯಲ್ಲೇ ಅಗಿಯುತ್ತಿದ್ದರೆ ಅದು ಮೆಲ್ಲಮೆಲ್ಲನೆ ಸಿಹಿಯಾಗುವುದನ್ನು ವಾಚಕರು ಗಮನಿಸಿರಬಹುದು. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟಿನಿಂದ ಕಾಸಿದ ಅಂಬಲಿಯು, ಅಷ್ಟೇ ತೂಕದ ಸಾಮಾನ್ಯ ರಾಗಿಹಿಟ್ಟಿನ ಅಂಬಲಿಗಿಂತ ತೆಳುವಾಗಿಯೂ ಸಿಹಿಯಾಗಿಯೂ ಇರುವುದೆಂಬುದು ನಮ್ಮ ತಾಯಂದಿರಿಗೆ ಬಹುಕಾಲದಿಂದ ತಿಳಿದ ಸಂಗತಿ. ಈ ಎರಡು ನಿದರ್ಶನಗಳಲ್ಲಿಯೂ ಸಕ್ಕರೆಯನ್ನು ಯಾರೂ ಹೊರಗಿನಿಂದ ಬೆರೆಸಿಲ್ಲ. ಧಾನ್ಯದಲ್ಲಿದ್ದ ರುಚಿಹೀನವಾದ ಪಿಷ್ಟವೇ ಒಡೆದು ಸಕ್ಕರೆಯಾಗಿದೆ. ಒಡೆದುವು ಕಿಣ್ವಗಳೆಂಬ ಪದಾರ್ಥಗಳು. ಮೊದಲನೆಯದರಲ್ಲಿ ಎಂಜಲಿನ ಕಿಣ್ವ, ಎರಡನೆಯದರಲ್ಲಿ ಮೊಳಕೆಯ ಕಿಣ್ವ. ಹೀಗಿರಲು, ಇದೇ ಕೆಲಸಕ್ಕೆ ಕೈಗಾರಿಕೆಯು ಮಣ್ಣಿನ ಬ್ಯಾಕ್ಟೀರಿಯಗಳನ್ನು ಏಕೆ ಆಶ್ರಯಿಸಬೇಕಾಯಿತು? ಈ ಪ್ರಶ್ನೆಯನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಿಷ್ಟದ ರಚನೆ

ಸಸ್ಯಗಳು ತಮ್ಮ ಆಹಾರವನ್ನು ಕಾಳಿನಲ್ಲಿಯೂ ಗೆಡ್ಡೆಯಲ್ಲಿಯೂ ಪಿಷ್ಟದ ರೂಪದಲ್ಲಿ ಕೂಡಿಡುವುವು. ಪಿಷ್ಟದ ಅಣುವೆಂದರೆ ಗ್ಲೂಕೋಸ್ ಎಂಬ ಸರಳ ಶರ್ಕರದ ಘಟಕಗಳನ್ನು ಪೋಣಿಸಿದ ಮಾಲೆ. ಇದರಲ್ಲಿ ಎರಡು ಬಗೆಗಳುಂಟು. ಕವಲಿಲ್ಲದ ನೀಳವಾದ ಮಾಲೆಗೆ ಅಮೈಲೋಸ್ ಎಂದು ಹೆಸರು. ಸಾಮಾನ್ಯ ಧಾನ್ಯಗಳ ಪಿಷ್ಟದಲ್ಲಿ ಇದು ಶೇಕಡ ೨೦ರಿಂದ ೩೦ರಷ್ಟಿರುವುದು. ಉಳಿದ ಭಾಗ ಅಮೈಲೊಪೆಕ್ಟಿನ್. ಇದು ಮರದ ಕೊಂಬೆಗಳಂತೆ ಕವಲೊಡೆದ ಅಣು. ಮಾಲೆಯ ಉದ್ದಕ್ಕೂ ಘಟಕಗಳನ್ನು ಜೋಡಿಸುವ ಬಂಧವೊಂದು, ಕವಲಿನ ಬುಡದಲ್ಲಿರುವ ಬಂಧ ಇನ್ನೊಂದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಯೋಜನ ಕಂಡುಬರುವುದು.

ಬಂಧವೊಂದು ಕಡಿದಾಗ ಆ ಸ್ಥಳದಲ್ಲಿ ನೀರಿನ ಒಂದು ಅಣು ಸೇರಿಕೊಳ್ಳುತ್ತದೆ. ಆದುದರಿಂದಲೇ ಈ ಕ್ರಿಯೆಗೆ ಜಲವಿಶ್ಲೇಷಣೆ ಎಂಬ ಹೆಸರು ಬಂದಿದೆ. ೧೬೨ ತೂಕದ ಪಿಷ್ಟಕ್ಕೆ ೧೮ ತೂಕದ ನೀರು ಸೇರಿ ೧೮೦ ತೂಕದ ಗ್ಲೂಕೋಸ್ ಆಗುವುದು. ಎಂದರೆ, ಕ್ರಿಯೆಯು ಸಂಪೂರ್ಣವಾದರೆ ೧೦೦ ಕಿಲೋಗ್ರಾಂ ಒಣ ಪಿಷ್ಟದಿಂದ ಸುಮಾರು ೧೧೧ ಕಿಲೋಗ್ರಾಂ ಗ್ಲೂಕೋಸ್ ದೊರೆಯಬೇಕು. ಒಡೆದ ವಸ್ತುವು ಒಡೆಯುವ ಮೊದಲಿಗಿಂತ ಹೆಚ್ಚು ತೂಗುವುದು ವಿಚಿತ್ರವೆಂದು ತೋರಿದರೂ, ಹೆಚ್ಚಿದ ತೂಕವೆಲ್ಲ ನೀರಿನದೇ.

ಆಮ್ಲದ ಮಾರ್ಗ

ಈ ಪರಿವರ್ತನೆಯನ್ನು ಮೊಟ್ಟಮೊದಲು ರಸಾಯನಶಾಲೆಯಲ್ಲಿ ಸಾಧಿಸಿದವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದ್ದ ಕಿರ್ಕ್‌ಹಾಫ್. ನೆಪೋಲಿಯನ್ನನು ೧೮೦೬ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದುದರಿಂದ ಯೂರೋಪಿಗೆ ಕಬ್ಬಿನ ಸಕ್ಕರೆ ಬರುವುದು ಕಷ್ಟವಾಗಿದ್ದ ಕಾಲವದು. ೧೮೧೧ರಲ್ಲಿ ಕಿರ್ಕ್‌ಹಾಫನು ಪಿಷ್ಟವನ್ನು ತೆಳುವಾದ ಗಂಧಕಾಮ್ಲದೊಡನೆ ಕುದಿಸಿ ಸಿಹಿಯಾದ ಪಾಕವನ್ನು ಪಡೆದನು. ಆಮ್ಲವಿಧಾನವು ಅಲ್ಲಿಂದ ಮುಂದೆ ಒಂದೂವರೆ ಶತಮಾನ ಕೈಗಾರಿಕೆಯನ್ನು ಆಳಿತು.

ಆದರೆ ಆಮ್ಲಕ್ಕೆ ವಿವೇಚನೆಯಿಲ್ಲ. ಅದು ಸಿಕ್ಕಿದ ಬಂಧವನ್ನು ಸಿಕ್ಕಿದಲ್ಲಿ ಕಡಿಯುತ್ತದೆ. ಪಿಷ್ಟವೆಲ್ಲ ಒಡೆಯಲೆಂದು ಹೆಚ್ಚು ಹೊತ್ತು ಕುದಿಸಿದರೆ ಆಗಲೇ ಹುಟ್ಟಿದ ಗ್ಲೂಕೋಸೇ ಕೆಟ್ಟು ಪಾಕವು ಕಂದುಬಣ್ಣಕ್ಕೆ ತಿರುಗುವುದು. ಬಿಡಿಯಾದ ಗ್ಲೂಕೋಸ್ ಘಟಕಗಳು ಮತ್ತೆ ಬೇರೊಂದು ರೀತಿಯಲ್ಲಿ ಕೂಡಿಕೊಂಡು ಕಹಿ ಪದಾರ್ಥಗಳಾಗುವುವು. ಕೊನೆಯಲ್ಲಿ ಆಮ್ಲವನ್ನು ಕ್ಷಾರದಿಂದ ಶಮನಗೊಳಿಸಿದಾಗ ಲವಣವುಳಿಯುವುದು. ಪಾತ್ರೆಗಳಾದರೋ ಆಮ್ಲವನ್ನು ತಡೆಯತಕ್ಕ ದುಬಾರಿ ಲೋಹದವಾಗಿರಬೇಕು.

ಕಿಣ್ವದ ಮಾರ್ಗ ಮತ್ತು ಅದರ ತೊಡಕು

೧೮೩೩ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬವರು ಮೊಳೆತ ಬಾರ್ಲಿಯ ಕಷಾಯಕ್ಕೆ ಮದ್ಯಸಾರವನ್ನು ಬೆರೆಸಿ, ಪಿಷ್ಟವನ್ನು ಕರಗಿಸಬಲ್ಲ ಬಿಳಿಯ ವಸ್ತುವೊಂದನ್ನು ಬೇರ್ಪಡಿಸಿದರು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಕಿಣ್ವಕ್ಕೆ ವಿವೇಚನೆಯುಂಟು: ತನಗೆ ಒಗ್ಗಿದ ಬಂಧವನ್ನಲ್ಲದೆ ಬೇರೊಂದನ್ನು ಅದು ಮುಟ್ಟುವುದಿಲ್ಲ. ಕಹಿಯಿಲ್ಲ, ಕಂದುಬಣ್ಣವಿಲ್ಲ. ಹಾಗಾದರೆ ಆಮ್ಲವನ್ನು ಅಂದೇ ಕೈಬಿಡಬಹುದಿತ್ತಲ್ಲವೆ?

ಬಿಡಲಾಗದಿದ್ದುದಕ್ಕೆ ಕಾರಣವುಂಟು. ಪಿಷ್ಟವು ಧಾನ್ಯದಲ್ಲಿ ಬಿಗಿದು ಕಟ್ಟಿದ ಕಣಗಳಾಗಿರುವುದು. ತಣ್ಣೀರು ಅದರೊಳಕ್ಕೆ ನುಗ್ಗಲಾರದು. ೬೦ರಿಂದ ೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಾಗಲೇ ಕಣಗಳು ಉಬ್ಬಿ ಗಂಜಿಯಾಗುವುವು. ಕಾರ್ಖಾನೆಯಲ್ಲಿ ಬಳಸುವ ಮಂದವಾದ ಹಿಟ್ಟಿನ ಹಾಲಿನಲ್ಲಿ ಎಲ್ಲ ಕಣಗಳೂ ಚೆನ್ನಾಗಿ ಬಿಚ್ಚಿಕೊಳ್ಳಬೇಕಾದರೆ ೧೦೦ ಡಿಗ್ರಿಯನ್ನೂ ಮೀರಬೇಕು. ಕಿಣ್ವವೋ ಒಂದು ಪ್ರೋಟೀನು. ಮೊಟ್ಟೆಯ ಬಿಳಿಯ ಭಾಗ ಬಿಸಿಯಲ್ಲಿ ಗಟ್ಟಿಯಾಗುವಂತೆ ಅದರ ರಚನೆಯೂ ಬಿಸಿಯಲ್ಲಿ ಕೆಡುವುದು. ಮೊಳಕೆಯ ಕಿಣ್ವವು ೭೫ ಡಿಗ್ರಿಯ ಸುಮಾರಿನಲ್ಲಿಯೇ ಬೇಗ ನಿಷ್ಕ್ರಿಯವಾಗುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಕೆಲಸಗಾರನೇ ಇಲ್ಲದಂತಾಗುವ ಈ ತೊಡಕೇ ವಿಷಯದ ತಿರುಳು. ಮೊದಲು ಬೇಯಿಸಿ, ಆರಿಸಿ, ಆಮೇಲೆ ಕಿಣ್ವ ಹಾಕೋಣವೆಂದರೆ, ಮಂದವಾದ ಗಂಜಿಯು ಕಲಕಲೂ ಬಾರದಷ್ಟು ಬಿಗಿಯುವುದು.

ಬ್ಯಾಕ್ಟೀರಿಯದ ಪ್ರವೇಶ

ಮಣ್ಣಿನಲ್ಲಿಯೂ ಒಣಹುಲ್ಲಿನಲ್ಲಿಯೂ ಹೇರಳವಾಗಿರುವ ಬೆಸಿಲಸ್ ಜಾತಿಯ ಬ್ಯಾಕ್ಟೀರಿಯಗಳಿಗೆ ಪಿಷ್ಟವು ಆಹಾರ. ಆದರೆ ಪಿಷ್ಟದ ಅಣುವು ಅವುಗಳ ಕೋಶಭಿತ್ತಿಯನ್ನು ದಾಟಲಾರದಷ್ಟು ದೊಡ್ಡದು. ಆದುದರಿಂದ ಅವು ಕಿಣ್ವವನ್ನು ಹೊರಕ್ಕೆ ಸುರಿಸಿ, ಪಿಷ್ಟವನ್ನು ಹೊರಗೇ ಕಡಿದು, ಚೂರುಗಳನ್ನು ಒಳಗೆ ಸೆಳೆದುಕೊಳ್ಳುವುವು. ಇದು ಮನುಷ್ಯನಿಗೆ ದೊಡ್ಡ ಅನುಕೂಲವಾಗಿ ಪರಿಣಮಿಸಿತು. ಕೋಶಗಳನ್ನು ಒಡೆಯಬೇಕಾಗಿಲ್ಲ; ಅವು ಬೆಳೆದ ದ್ರವವನ್ನು ಸೋಸಿದರೆ ಕಿಣ್ವವು ತಿಳಿಯಲ್ಲಿಯೇ ಇರುವುದು. ಅಷ್ಟು ಮಾತ್ರವಲ್ಲ, ಇವುಗಳಲ್ಲಿ ಕೆಲವು ಜಾತಿಗಳ ಕಿಣ್ವವು ಮೊಳಕೆಯ ಕಿಣ್ವ ತಾಳಲಾರದ ಬಿಸಿಯನ್ನು ತಾಳುವುದು.

ಈ ಗುಣವನ್ನು ಮೊದಲು ಬಳಸಿಕೊಂಡದ್ದು ಸಕ್ಕರೆಯ ಕೈಗಾರಿಕೆಯಲ್ಲ, ಬಟ್ಟೆಯ ಕೈಗಾರಿಕೆ. ನೇಯುವಾಗ ಹಾಸಿನ ನೂಲು ಹರಿಯದಿರಲೆಂದು ಅದಕ್ಕೆ ಗಂಜಿ ಹಾಕುವ ಪದ್ಧತಿ ನಮ್ಮ ನೇಕಾರರಲ್ಲಿಯೂ ಉಂಟು. ಬಣ್ಣ ಕಟ್ಟುವ ಮೊದಲು ಆ ಗಂಜಿಯನ್ನು ತೆಗೆಯಬೇಕು. ಆಮ್ಲದಿಂದ ತೆಗೆದರೆ ನೂಲೇ ಬಡಕಲಾಗುವ ಅಪಾಯವಿದೆ, ಏಕೆಂದರೆ ಹತ್ತಿಯ ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಮಾಲೆಯೇ. ಪಿಷ್ಟಕ್ಕೂ ಸೆಲ್ಯುಲೋಸಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಬಂಧವು ತಿರುಗಿರುವ ದಿಕ್ಕು. ಆ ಸೂಕ್ಷ್ಮವನ್ನು ಕಿಣ್ವವು ಗುರುತಿಸುವುದು. ಗಂಜಿಯನ್ನು ಕರಗಿಸಿ ನೂಲನ್ನು ಮುಟ್ಟದೆ ಬಿಡುವುದು. ಬ್ವಾದ್ಯಾಂ ಮತ್ತು ಎಫ್ರಾಂ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯದ ಈ ಕಿಣ್ವವನ್ನು ತಯಾರಿಸುವ ವಿಧಾನಕ್ಕೆ ೧೯೧೭ರಲ್ಲಿ ಅಮೆರಿಕದ ಪೇಟೆಂಟುಗಳನ್ನು ಪಡೆದರು.

ದ್ರವೀಕರಣವೂ ಶರ್ಕರೀಕರಣವೂ

ಇಂದಿನ ಕಾರ್ಖಾನೆಗಳಲ್ಲಿ ಕೆಲಸವು ಎರಡು ಹಂತಗಳಲ್ಲಿ ನಡೆಯುವುದು. ಮೊದಲನೆಯದು ದ್ರವೀಕರಣ. ಶೇಕಡ ೩೦ರಿಂದ ೩೫ರಷ್ಟು ಪಿಷ್ಟವಿರುವ ಹಿಟ್ಟಿನ ಹಾಲನ್ನು ಪಿ.ಎಚ್. ೬ರ ಸುಮಾರಿಗೆ, ಎಂದರೆ ಅತಿ ಸ್ವಲ್ಪ ಆಮ್ಲೀಯವಾಗುವಂತೆ, ಹದಗೊಳಿಸಿ, ಬೆಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯದಿಂದ ಪಡೆದ ಆಲ್ಫ ಅಮೈಲೇಸ್ ಕಿಣ್ವವನ್ನು ಬೆರೆಸುವರು. ಅನಂತರ ಹಬೆಯ ಚಿಮ್ಮುಗೆಯಿಂದ ಅದನ್ನು ಸುಮಾರು ೧೦೫ ಡಿಗ್ರಿಗೆ ಏರಿಸಿ ಐದು ನಿಮಿಷ ಕಾದು, ಬಳಿಕ ೯೫ ಡಿಗ್ರಿಯಲ್ಲಿ ಒಂದೆರಡು ಗಂಟೆ ಇರಿಸುವರು. ಕಣಗಳು ತೆರೆಯುವಷ್ಟರಲ್ಲಿಯೇ ಕಿಣ್ವವು ಮಾಲೆಗಳನ್ನು ನಡುನಡುವೆ ಕಡಿಯುತ್ತ ಬರುವುದರಿಂದ ಗಂಜಿಯು ಬಿಗಿಯುವುದಕ್ಕೆ ಅವಕಾಶವೇ ಇಲ್ಲ. ಮೇಲೆ ಹೇಳಿದ ತೊಡಕು ಇಲ್ಲಿ ಬಿಡಿಸಿಹೋಯಿತು. ಈ ಬಿಸಿಯಲ್ಲಿ ಕಿಣ್ವವು ದೃಢವಾಗಿ ನಿಲ್ಲಲು ಅತ್ಯಲ್ಪ ಪ್ರಮಾಣದ ಕ್ಯಾಲ್ಸಿಯಂ ಬೇಕೆಂಬುದು ಗಮನಿಸತಕ್ಕ ಅಂಶ.

ಈಗ ದೊರೆತದ್ದು ಸಕ್ಕರೆಯಲ್ಲ; ಡೆಕ್ಸ್‌ಟ್ರಿನ್ ಎಂಬ ಚಿಕ್ಕ ಚೂರುಗಳ ತೆಳುವಾದ ದ್ರವ. ಎರಡನೆಯ ಹಂತವಾದ ಶರ್ಕರೀಕರಣದಲ್ಲಿ ಇದನ್ನು ೬೦ ಡಿಗ್ರಿಗೆ ತಣಿಸಿ, ಪಿ.ಎಚ್. ಮಾನವನ್ನು ೪.೫ರ ಸುಮಾರಿಗೆ ಇಳಿಸಿ, ಗ್ಲೂಕೋಅಮೈಲೇಸ್ ಎಂಬ ಕಿಣ್ವವನ್ನು ಸೇರಿಸುವರು. ಇದು ಚೂರುಗಳ ತುದಿಯಿಂದ ಗ್ಲೂಕೋಸನ್ನು ಒಂದೊಂದಾಗಿ ಬಿಡಿಸುವುದು. ಸತ್ಯವನ್ನು ಹೇಳುವುದಾದರೆ ಈ ಕಿಣ್ವವು ಬ್ಯಾಕ್ಟೀರಿಯದ್ದಲ್ಲ, ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನದು. ಕವಲಿನ ಬುಡಕ್ಕೆ ಬಂದಾಗ ಇದರ ಕೆಲಸ ನಿಧಾನವಾಗುವುದು. ಅಲ್ಲಿ ಮತ್ತೆ ಬ್ಯಾಕ್ಟೀರಿಯವು ನೆರವಿಗೆ ಬರುವುದು: ೧೯೬೧ರಲ್ಲಿ ಬ್ಯಾಕ್ಟೀರಿಯವೊಂದರಲ್ಲಿ ಕಂಡುಹಿಡಿಯಲಾದ ಪುಲ್ಯುಲನೇಸ್ ಕಿಣ್ವವು ಕವಲಿನ ಬಂಧವನ್ನೇ ಆರಿಸಿ ಕಡಿಯುವುದು. ಇವೆರಡೂ ಕೂಡಿ ಎರಡು ಮೂರು ದಿನ ಕೆಲಸಮಾಡಿದರೆ, ದ್ರವದಲ್ಲಿರುವ ಶರ್ಕರಗಳಲ್ಲಿ ಶೇಕಡ ೯೫ಕ್ಕೂ ಮಿಕ್ಕಿ ಗ್ಲೂಕೋಸೇ ಆಗಿರುವುದು. ಆಮ್ಲವೊಂದರಿಂದಲೇ ಇದನ್ನು ಸಾಧಿಸುವುದು ಅಸಾಧ್ಯವಾಗಿತ್ತು.

ಫ್ರಕ್ಟೋಸಿನತ್ತ

ಗ್ಲೂಕೋಸಿನ ಸಿಹಿಯು ಕಬ್ಬಿನ ಸಕ್ಕರೆಗಿಂತ ಕಡಮೆ, ಫ್ರಕ್ಟೋಸಿನದು ಹೆಚ್ಚು. ಎರಡಕ್ಕೂ ಪರಮಾಣುಗಳ ಸಂಖ್ಯೆ ಒಂದೇ, ಜೋಡಣೆ ಮಾತ್ರ ಬೇರೆ. ಒಂದನ್ನು ಇನ್ನೊಂದಾಗಿ ಮಾರ್ಪಡಿಸಬಲ್ಲ ಬ್ಯಾಕ್ಟೀರಿಯದ ಕಿಣ್ವವನ್ನು ಅಮೆರಿಕದ ಮಾರ್ಷಲ್ ಮತ್ತು ಕೂಯಿ ೧೯೫೭ರಲ್ಲಿ ವರದಿಮಾಡಿದರು. ಜಪಾನಿನ ವಿಜ್ಞಾನಿಗಳು ೧೯೬೦ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಗಳಿಂದ ಉಪಯುಕ್ತವಾದ ಕಿಣ್ವವನ್ನು ಪಡೆದರು. ೧೯೬೭ರಲ್ಲಿ ಅಮೆರಿಕದಲ್ಲಿ ಈ ಪಾಕವು ಮಾರುಕಟ್ಟೆಗೆ ಬಂದಿತು. ಕ್ರಿಯೆಯು ಎರಡು ದಿಕ್ಕಿಗೂ ನಡೆಯುವುದಾದುದರಿಂದ ಅರ್ಧದ ಸುಮಾರಿನಲ್ಲಿ ಸಮತೋಲಕ್ಕೆ ಬಂದು ನಿಲ್ಲುವುದು. ಕಾರ್ಖಾನೆಯಲ್ಲಿ ಶೇಕಡ ೪೨ರಷ್ಟು ಫ್ರಕ್ಟೋಸಿಗೆ ನಿಲ್ಲಿಸುವರು.

ಇಲ್ಲಿ ಮತ್ತೊಂದು ವಿರೋಧ ತಲೆದೋರುವುದು. ಈ ಕಿಣ್ವಕ್ಕೆ ಬೇಕಾದುದು ಮೆಗ್ನೀಸಿಯಂ. ಮೊದಲ ಕಿಣ್ವವನ್ನು ಕಾಪಾಡಿದ ಕ್ಯಾಲ್ಸಿಯಂ ಇದಕ್ಕೆ ಅಡ್ಡಿ. ಪಿ.ಎಚ್. ಮಾನವಾದರೋ ೬ರಿಂದ ೪.೫ಕ್ಕೆ ಇಳಿದು, ಈಗ ೭.೫ರ ಮೇಲಕ್ಕೆ ಏರಬೇಕು. ಪ್ರತಿಯೊಂದು ಏರಿಳಿತಕ್ಕೂ ಆಮ್ಲವೋ ಕ್ಷಾರವೋ ಖರ್ಚಾಗಿ ಲವಣವು ಕೂಡುವುದು. ಆ ಲವಣವನ್ನು ತೆಗೆಯಲು ರಾಳದ ಕಂಬಗಳೂ ಅವುಗಳನ್ನು ತೊಳೆಯಲು ನೀರೂ ಬೇಕು. ತೊಳೆದ ಉಪ್ಪುನೀರು ಎಲ್ಲಿಯೋ ಹೊರಬೀಳಬೇಕು. ಆಮ್ಲವಿಧಾನದ ಲವಣದ ದೋಷವು ಹಿಂಬಾಗಿಲಿನಿಂದ ಮತ್ತೆ ಒಳನುಗ್ಗಿತೆನ್ನಬಹುದು. ಕಡಮೆ ಪಿ.ಎಚ್.ನಲ್ಲಿ, ಕಡಮೆ ಕ್ಯಾಲ್ಸಿಯಂನಲ್ಲಿ ಕೆಲಸಮಾಡಬಲ್ಲ ಅಮೈಲೇಸುಗಳನ್ನು ಹುಡುಕುವುದಕ್ಕೂ, ಜೀನುಗಳನ್ನು ತಿದ್ದಿ ರೂಪಿಸುವುದಕ್ಕೂ ಈಚಿನ ದಶಕಗಳಲ್ಲಿ ಇಷ್ಟು ಶ್ರಮ ನಡೆದಿರುವುದು ಇದೇ ಕಾರಣದಿಂದ.

ಲಾಭ ಯಾರಿಗೆ?

ಧಾನ್ಯವನ್ನು ಸಕ್ಕರೆಯಾಗಿಸಬಲ್ಲೆವೆಂಬುದರಿಂದಲೇ ಹಾಗೆ ಮಾಡಬೇಕೆಂದು ಸಿದ್ಧವಾಗುವುದಿಲ್ಲ. ಸೇರಿಸಿದ ಸಕ್ಕರೆಯೇ ಮೊದಲಾದ ಮುಕ್ತ ಶರ್ಕರಗಳು ದಿನದ ಆಹಾರಶಕ್ತಿಯ ಶೇಕಡ ೧೦ಕ್ಕಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಸಲಹೆಮಾಡಿದೆ. ನಮ್ಮ ದಾವಣಗೆರೆ, ಹಾವೇರಿ ಸೀಮೆಯಲ್ಲಿ ಹೇರಳವಾಗಿ ಬೆಳೆಯುವ ಮೆಕ್ಕೆಜೋಳವು ಕೋಳಿಗಳ ಮೇವೂ ಹೌದು, ಪಿಷ್ಟದ ಕಾರ್ಖಾನೆಯ ಕಚ್ಚಾವಸ್ತುವೂ ಹೌದು. ಇಂಧನಕ್ಕಾಗಿ ಮದ್ಯಸಾರ ತಯಾರಿಸುವವರೂ ಈಚೆಗೆ ಅದನ್ನು ಬಯಸುತ್ತಿದ್ದಾರೆ. ಅಲ್ಲಿಯೂ ಮೊದಲ ಹೆಜ್ಜೆಯು ಇದೇ ದ್ರವೀಕರಣ. ಅದೇ ಕಾಳಿಗೆ ಹೀಗೆ ಹಲವರು ಕೈಚಾಚುವಾಗ, ಪಿಷ್ಟದ ಒಂದಂಶವೂ ವ್ಯರ್ಥವಾಗದಂತೆ ಪರಿವರ್ತಿಸುವುದು ಕೇವಲ ಲಾಭದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇನ್ನೊಂದು ಕಡೆ, ಮೊಳಕೆಯ ರಾಗಿಯಲ್ಲಿ ಅಮೈಲೇಸು ಗಂಜಿಯನ್ನು ತೆಳುಮಾಡುವುದರಿಂದ, ಮಗುವಿನ ಚಿಕ್ಕ ಹೊಟ್ಟೆಗೆ ಅಷ್ಟೇ ಅಳತೆಯಲ್ಲಿ ಹೆಚ್ಚು ಹಿಟ್ಟನ್ನು ಉಣಿಸಲು ಸಾಧ್ಯವಾಗುವುದು. ೧೯೫೦ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಇಂಥ ಶಿಶು ಆಹಾರವನ್ನು ಕುರಿತು ಸಂಶೋಧನೆ ನಡೆದಿದೆ. ಇಲ್ಲಿ ಉದ್ದೇಶವು ಸಿಹಿಯಲ್ಲ, ಪೋಷಣೆ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಮೇಲಿನ ತತ್ತ್ವವನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಾದರೂ ಪರೀಕ್ಷಿಸಬಹುದು. ಹೊಲದ ಮಣ್ಣನ್ನು ಶುದ್ಧವಾದ ನೀರಿನಲ್ಲಿ ಕದಡಿ, ೮೦ ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ, ಬೆಸಿಲಸ್‌ನಂಥ ಬೀಜಕಧಾರಿಗಳು ಬದುಕಿ ಉಳಿದವುಗಳಲ್ಲಿ ಹೆಚ್ಚಿನವು ಸಾಯುವುವು. ಇದನ್ನು ಪಿಷ್ಟ ಬೆರೆತ ಅಗರಿನ ತಟ್ಟೆಯ ಮೇಲೆ ಹರಡಿ, ಎರಡು ದಿನ ಬೆಳೆಸಿ, ಅಯೋಡಿನ್ ದ್ರಾವಣವನ್ನು ಸುರಿಯಬೇಕು. ತಟ್ಟೆಯೆಲ್ಲ ಕಡುನೀಲಿಯಾಗುವುದು, ಅಮೈಲೇಸನ್ನು ಸುರಿಸಿದ ಬ್ಯಾಕ್ಟೀರಿಯದ ಸುತ್ತ ಮಾತ್ರ ಬಣ್ಣವಿಲ್ಲದ ಉಂಗುರವೊಂದು ಉಳಿಯುವುದು. ಅಯೋಡಿನ್ ತಾಗಿದವು ಸಾಯಬಹುದಾದುದರಿಂದ, ಅದೇ ರೀತಿ ಬೆಳೆಸಿದ ಇನ್ನೊಂದು ತಟ್ಟೆಯನ್ನು ಕಾಪಾಡಿಕೊಂಡಿರಬೇಕು.

ದೊಡ್ಡ ಉಂಗುರವಿತ್ತ ಬ್ಯಾಕ್ಟೀರಿಯವನ್ನು ಬೆಳೆಸಿದ ದ್ರವದ ತಿಳಿಯನ್ನೂ, ಮೊಳಕೆ ರಾಗಿಯ ಹಿಟ್ಟನ್ನು ತಣ್ಣೀರಿನಲ್ಲಿ ನೆನೆಸಿ ಸೋಸಿದ ತಿಳಿಯನ್ನೂ ಬೇರೆಬೇರೆಯಾಗಿ ೮೦ ಡಿಗ್ರಿಯಲ್ಲಿ ಕಾಲು ಗಂಟೆ ಕಾಯಿಸಿ, ಆರಿಸಿ, ತೆಳುವಾದ ಗಂಜಿಗೆ ಸೇರಿಸಬೇಕು. ನಿಮಿಷಕ್ಕೊಂದು ಹನಿಯನ್ನು ಬಿಳಿಯ ಹಂಚಿನ ಮೇಲಿಟ್ಟ ಅಯೋಡಿನ್ನಿನೊಡನೆ ಕೂಡಿಸಿ ನೋಡಬೇಕು. ಕಿಣ್ವವು ಕೆಲಸಮಾಡುತ್ತಿದ್ದರೆ ನೀಲಿಯು ನೇರಳೆಗೂ, ಕೆಂಗಂದಿಗೂ ತಿರುಗಿ ಕೊನೆಗೆ ಬಣ್ಣವೇ ಬಾರದಾಗುವುದು. ಕೆಟ್ಟಿದ್ದರೆ ನೀಲಿಯಾಗಿಯೇ ನಿಲ್ಲುವುದು. ಎಲ್ಲ ಬ್ಯಾಕ್ಟೀರಿಯಗಳ ಕಿಣ್ವವೂ ಬಿಸಿಯನ್ನು ತಾಳುವುದಿಲ್ಲ. ತಾಳುವುದು ಸಿಕ್ಕಿದರೆ, ಕೈಗಾರಿಕೆಯು ಹುಡುಕಿದ ಗುಣವನ್ನು ವಿದ್ಯಾರ್ಥಿಯು ತನ್ನ ಹೊಲದ ಮಣ್ಣಿನಲ್ಲಿಯೇ ಕಂಡಂತಾಗುವುದು. ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಗಳಲ್ಲಿ ಹಾನಿಕರವಾದುವೂ ಇರಬಹುದಾದುದರಿಂದ, ಈ ಪ್ರಯೋಗದ ಯಾವ ದ್ರವವನ್ನೂ ಬಾಯಿಗೆ ತಾಗಿಸಕೂಡದು. ಬಳಸಿದ ತಟ್ಟೆಗಳನ್ನು ಹಬೆಯ ಒತ್ತಡದಲ್ಲಿ ಬೇಯಿಸಿಯೇ ಎಸೆಯತಕ್ಕದ್ದು.