ಒತ್ತಿದ ಹಪ್ಪಳ ಮಾರುವುದು ಹೇಗೆ? – ಮನೆ ಉದ್ಯೋಗದವರಿಗೆ ಕೆಲವು ಮಾತುಗಳು

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಮಳೆ ಹಿಡಿದ ಒಂದು ಸಂಜೆ, ನಾವು ಊರಿನ ಒಂದು ಮನೆಗೆ ಹೋಗಿದ್ದೆವು. ಮನೆಯಾಕೆ ಚಾವಡಿಯಲ್ಲಿದ್ದ ಮೂರು ತಗಡಿನ ಡಬ್ಬಗಳ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಹಲಸಿನ ಹಪ್ಪಳ. ಎರಡು ಸಾವಿರಕ್ಕೂ ಮಿಕ್ಕಿ ಇತ್ತು. ಮಾರಾಟವಾದ ಮೇಲೆ ಹಣ ಕೊಡುತ್ತೇವೆಂದು ಇಟ್ಟುಕೊಂಡಿದ್ದ ಅಂಗಡಿಯವರು ಉಳಿದದ್ದನ್ನು ಹಿಂದೆ ಕಳುಹಿಸಿದ್ದರು. ಮಳೆಗಾಲದ ತೇವಕ್ಕೆ ಹಪ್ಪಳ ಮೆತ್ತಗಾಗಿತ್ತು.

“ಜಾಸ್ತಿ ಒತ್ತಿ ಎಂದು ನೀವೇ ಹೇಳಿದ್ದಲ್ಲವಾ ಫಾದರ್?” ಎಂದರು ಅವರು.

ನಿಜ. ಮಾರ್ಚ್‌ನಲ್ಲಿ ಅವರ ಹಪ್ಪಳದ ರುಚಿ ನೋಡಿ ಹಾಗೆ ಹೇಳಿದವರು ನಾವೇ. ಯಾರಿಗೆ ಮಾರಬೇಕೆಂಬುದನ್ನು ಅವರೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಆಮೇಲೆ ಅವರೊಡನೆ ಕುಳಿತು ಲೆಕ್ಕ ಹಾಕಿ, ನಾಲ್ಕು ಅಂಗಡಿಯವರನ್ನು ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಬಟ್ಟೆ ಹೊಲಿಯುವವರು, ವಯರಿಂಗ್ ಮಾಡುವವರು, ಮರಗೆಲಸದವರು, ಹೀಗೆ ಸ್ವಂತ ದುಡಿಮೆಯ ಎಲ್ಲರಿಗೂ ಇದರಲ್ಲಿ ಉಪಯೋಗಕ್ಕೆ ಬರುವ ಮಾತುಗಳಿವೆ.

ಗಿರಾಕಿ ಯಾರು?

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಹಲಸಿನ ಮರವಿಲ್ಲದ ಹಿತ್ತಿಲು ಕಡಿಮೆ. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೆ ಅದರ ಗೌರವವೂ ಹೆಚ್ಚಿತು. ಆದರೆ ನಿಮ್ಮ ನೆರೆಮನೆಯವರೂ ಹಪ್ಪಳ ಒತ್ತುತ್ತಾರೆ. ಅವರು ನಿಮ್ಮ ಗಿರಾಕಿಗಳಲ್ಲ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ಅವರ ಮಗಳು ನಿಮ್ಮ ಗಿರಾಕಿ. ಆಕೆಗೆ ಹಲಸಿನ ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಅರೆದು, ಒತ್ತಿ, ಚಾಪೆಯಲ್ಲಿ ಒಣಗಿಸಲು ಅಂಗಳವೂ ಇಲ್ಲ, ಬಿಡುವೂ ಇಲ್ಲ. ರಜೆಗೆ ಬಂದವರು ಮೇ ತಿಂಗಳ ಕೊನೆಯೊಳಗೆ ಹೊರಡುತ್ತಾರೆ. ಅವರು ಪೆಟ್ಟಿಗೆ ಕಟ್ಟುವ ವಾರದಲ್ಲಿ ನಿಮ್ಮ ಕಟ್ಟು ಅವರ ಮನೆಯಲ್ಲಿರಬೇಕು. ಜೂನ್‌ನಲ್ಲಿ ಅಂಗಡಿಗೆ ಕೊಂಡುಹೋದರೆ ಹೊತ್ತು ಮೀರಿತು.

ಆದುದರಿಂದ ಒತ್ತುವ ಮೊದಲೇ ಒಂದು ಪುಸ್ತಕದಲ್ಲಿ ಮೂವತ್ತು ಹೆಸರು ಬರೆಯಿರಿ. ಹೊರಗಿರುವ ನೆಂಟರು, ಮಕ್ಕಳ ಸಹಪಾಠಿಗಳು, ಮದುವೆ ಅಡುಗೆ ವಹಿಸುವವರು, ಮಂಗಳೂರಿಗೆ ದಿನಾಲೂ ಕೆಲಸಕ್ಕೆ ಹೋಗುವವರು. “ನನ್ನಿಂದ ಕೊಳ್ಳಿ” ಎಂದರೆ ಪರಿಚಯದವರಿಗೆ ಸಂಕೋಚವಾಗುತ್ತದೆ. “ಬೇಕಾದವರು ಯಾರಾದರೂ ಇದ್ದರೆ ಒಂದು ಹೆಸರು ಹೇಳಿ” ಎಂದರೆ ಸಂತೋಷದಿಂದ ಹೇಳುತ್ತಾರೆ. ಟೈಲರ್‌ಗಾಗಲೀ ಇಲೆಕ್ಟ್ರಿಷಿಯನ್‌ಗಾಗಲೀ ಹೊಸ ಕೆಲಸ ಬರುವುದು ಹೆಚ್ಚಾಗಿ ಹೀಗೆಯೇ.

ನಿಮ್ಮ ಕೂಲಿಯನ್ನು ಮರೆಯಬೇಡಿ

ಆ ಮನೆಯಾಕೆ 25 ಹಪ್ಪಳದ ಕಟ್ಟನ್ನು ಅಂಗಡಿಗೆ 40 ರೂಪಾಯಿಗೆ ಕೊಟ್ಟಿದ್ದರು. ಹಲಸು ಹಿತ್ತಿಲಿನದು, ಸೌದೆ ತೋಟದ್ದು, ಆದ್ದರಿಂದ ಬಂದದ್ದೆಲ್ಲ ಲಾಭವೆಂದು ಅವರ ಎಣಿಕೆ. ನಾವು ಕುಳಿತು ಹಾಕಿದ ಲೆಕ್ಕ ಹೀಗಿತ್ತು: ಕಾಯಿ, ಮೆಣಸು, ಜೀರಿಗೆ, ಉಪ್ಪು, ಸೌದೆ 18 ರೂಪಾಯಿ, ಪ್ಲಾಸ್ಟಿಕ್ ಚೀಲ ಮತ್ತು ಚೀಟಿ 4, ಬಸ್ ಖರ್ಚಿನ ಪಾಲು 3, ಕೆಲಸದ ಕೂಲಿ 25. ಒಟ್ಟು 50 ರೂಪಾಯಿ. ಅಂದರೆ ಪ್ರತಿ ಕಟ್ಟಿಗೆ 10 ರೂಪಾಯಿ ಅವರ ಕೂಲಿಯಿಂದಲೇ ಕಳೆದುಹೋಗಿತ್ತು.

ಅಂಗಡಿಯವರಿಗೂ ಪಾಲು ಬೇಕು. ಗಿರಾಕಿ ಕೊಡುವ ಬೆಲೆ 70 ಆಗಿ, ಅದರ ನೂರಕ್ಕೆ ಇಪ್ಪತ್ತು, ಅಂದರೆ 14 ರೂಪಾಯಿ, ಅಂಗಡಿಗೆ ಹೋದರೆ ನಿಮಗೆ 56 ಸಿಗುತ್ತದೆ. ನೇರವಾಗಿ ಮಾರುವಾಗಲೂ 70ಕ್ಕೇ ಮಾರಿ. ನೀವು ಮನೆಯಲ್ಲಿ 55ಕ್ಕೆ ಕೊಡುತ್ತೀರೆಂದು ಗೊತ್ತಾದರೆ ಅಂಗಡಿಯವರು ನಿಮ್ಮ ಸರಕು ಇಡುವುದಿಲ್ಲ. ಅಂಗಡಿಯವರೊಡನೆ ಮೊದಲೇ ಮಾತಾಡಿಕೊಳ್ಳಿ: ಎಷ್ಟು ಕಟ್ಟು, ಹಣ ಎಂದು, ಉಳಿದದ್ದು ಯಾವ ತಾರೀಕಿನೊಳಗೆ ವಾಪಸು. ಮೊದಲ ಸಲ ಹತ್ತು ಕಟ್ಟು ಕೊಟ್ಟು ನೋಡಿ.

ಕಡದ ವಿಷಯದಲ್ಲಿ ನಮ್ಮವರಿಗೆ ದಾಕ್ಷಿಣ್ಯ ಜಾಸ್ತಿ. ಬಡವರಿಗೆ ಒಂದು ಕಟ್ಟು ಧರ್ಮಕ್ಕೆ ಕೊಡಬೇಕೆನಿಸಿದರೆ ಕೊಟ್ಟುಬಿಡಿ. ಆದರೆ ಧರ್ಮವನ್ನು ಧರ್ಮವೆಂದು, ಕಡವನ್ನು ಕಡವೆಂದು ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರೆದಿಡಿ.

ಚೀಟಿ ಮತ್ತು ನೋಂದಣಿ

ತಿನ್ನುವ ವಸ್ತು ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಬೇಕು. ಮನೆಯಲ್ಲಿ ಸಣ್ಣದಾಗಿ ತಯಾರಿಸುವವರಿಗೆ ಇದರ ಕ್ರಮ ಸರಳವಾಗಿದೆ. ಸಿಗುವ 14 ಅಂಕೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಹಾಕಬೇಕು. ಅದರೊಡನೆ ತಯಾರಕರ ಹೆಸರು-ವಿಳಾಸ, ಬಳಸಿದ ಸಾಮಾನುಗಳು, ತೂಕ, ತಯಾರಿಸಿದ ದಿನ, ಎಲ್ಲಿಯವರೆಗೆ ಉಪಯೋಗಿಸಬಹುದು, ಗರಿಷ್ಠ ಬೆಲೆ, ಸಸ್ಯಾಹಾರದ ಹಸಿರು ಗುರುತು, ಫೋನ್ ನಂಬರು.

ಗಡಿಯಲ್ಲಿರುವ ನಮಗೆ ಇನ್ನೊಂದು ಮಾತು. ಈ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಅದರ ಜೊತೆಗೆ ಬೇರೆ ಭಾಷೆಯಲ್ಲೂ ಹಾಕಬಹುದು. ಹಪ್ಪಳದ ಹೆಸರನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದರೆ ಕಾಞಂಗಾಡಿನಲ್ಲೂ ಓದುತ್ತಾರೆ, ಮಂಗಳೂರಿನಲ್ಲೂ ಓದುತ್ತಾರೆ. ಕೆಂಡದಲ್ಲಿ ಸುಟ್ಟೂ ತಿನ್ನಬಹುದೆಂದು ಒಂದು ಸಾಲು ಸೇರಿಸಿದರೆ ಎಣ್ಣೆ ಕಡಿಮೆ ಮಾಡಬೇಕಾದವರೂ ಕೊಳ್ಳುತ್ತಾರೆ.

ಸಣ್ಣ ಉದ್ಯಮಗಳಿಗೆ 2020ರ ಜುಲೈಯಿಂದ ‘ಉದ್ಯಮ್’ ನೋಂದಣಿ ಇದೆ. ಸರಕಾರದ ತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ಸಾವಿರಗಟ್ಟಲೆ ಕೊಡಿ, ಮಾಡಿಸಿಕೊಡುತ್ತೇವೆ ಎಂದು ಫೋನ್ ಮಾಡುವವರನ್ನು ನಂಬಬೇಡಿ.

ಮೊಬೈಲಿನ ಬಳಕೆ

ವಾಟ್ಸಪ್ ಒಳ್ಳೆಯ ಸಾಧನ. ಬೆಳಗಿನ ಬೆಳಕಿನಲ್ಲಿ ಚಾಪೆಯ ಮೇಲಿನ ಹಪ್ಪಳದ ಒಂದು ಚಿತ್ರ, ಬೆಲೆ, ಯಾವ ದಿನ ಸಿದ್ಧ, ಇಷ್ಟು ಸಾಕು. ವಾರಕ್ಕೊಮ್ಮೆ ಕಳುಹಿಸಿ. ವಾರ್ಡಿನ ಗುಂಪಿನಲ್ಲಿ ಮರಣದ ಸುದ್ದಿಯ ಕೆಳಗೇ ಉಪ್ಪಿನಕಾಯಿಯ ಜಾಹೀರಾತು ಬಂದದ್ದನ್ನು ನಾವು ಕಂಡಿದ್ದೇವೆ. ಅದರಿಂದ ಒಂದು ಭರಣಿಯೂ ಮಾರಾಟವಾಗಿರಲಿಕ್ಕಿಲ್ಲ. ಬೇಕೆಂದು ಕೇಳಿದವರಿಗಾಗಿಯೇ ಬೇರೆ ಪಟ್ಟಿ ಮಾಡಿಕೊಳ್ಳಿ.

ಹಣ ಮೊಬೈಲಿನಲ್ಲೇ ಬರುವ ಕಾಲವಿದು. ಒಂದು ಎಚ್ಚರಿಕೆ: ಹಣ ಪಡೆಯಲು ಗುಪ್ತ ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಹಾಗೆ ಹೇಳಿದರೆ ಅವರು ನಿಮ್ಮ ಹಣ ತೆಗೆಯಲು ನೋಡುತ್ತಿದ್ದಾರೆಂದೇ ತಿಳಿಯಿರಿ.

ಒಬ್ಬರೇ ನಿಲ್ಲಬೇಡಿ

1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ಒಬ್ಬೊಬ್ಬರೇ ನಿಂತು ವ್ಯಾಪಾರಿ ಹೇಳಿದ ಬೆಲೆಗೆ ತಲೆಯಾಡಿಸುವ ಬದಲು ತಾವೇ ಸೇರಿ ಮಾರುವ ದಾರಿ ಹುಡುಕಿದರು. ನಮ್ಮ ಹೆಂಗಸರಿಗೆ 1998ರಲ್ಲಿ ಆರಂಭವಾದ ಕುಟುಂಬಶ್ರೀ ಕೈಗೆಟಕುವಷ್ಟು ಹತ್ತಿರವಿದೆ. ಪಂಚಾಯತಿನ ಸಿ.ಡಿ.ಎಸ್. ಕಚೇರಿಯಲ್ಲಿ ಓಣಂ ಸಂತೆ, ತರಬೇತಿ, ಸಾಲದ ವಿಚಾರ ಕೇಳಿರಿ. ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಮಾಡುವ ಮೂರು ಮನೆಯವರು ಸೇರಿದರೆ ಒಂದೇ ರಿಕ್ಷಾ ಬಾಡಿಗೆಯಲ್ಲಿ ಸರಕು ಪೇಟೆ ಸೇರುತ್ತದೆ. ಒಬ್ಬರ ಗಿರಾಕಿ ಮೂವರಿಗೂ ಗಿರಾಕಿಯಾಗುತ್ತಾರೆ.

ಕೊಂಡವರನ್ನು ವಾರ ಕಳೆದು ಒಮ್ಮೆ ವಿಚಾರಿಸಿ: “ಹಪ್ಪಳ ಹೇಗಿತ್ತು?” ಉಪ್ಪು ಹೆಚ್ಚಾಗಿತ್ತು ಎಂದರೆ ವಾದಿಸಬೇಡಿ, ಬರೆದುಕೊಳ್ಳಿ. ಹೊಲಿಗೆಯವರು ಶನಿವಾರ ಕೊಡುತ್ತೇನೆಂದರೆ ಶನಿವಾರವೇ ಕೊಡಿ. ಆಗದಿದ್ದರೆ ಶುಕ್ರವಾರವೇ ತಿಳಿಸಿ. ಎರಡನೆಯ ಸಲ ಬರುವ ಗಿರಾಕಿಗೆ ಜಾಹೀರಾತಿನ ಖರ್ಚಿಲ್ಲ.

ಆ ಮನೆಯಾಕೆ ಮರುವರ್ಷ ಎಂಟುನೂರು ಹಪ್ಪಳ ಮಾತ್ರ ಒತ್ತಿದರು. ಫೆಬ್ರವರಿಯಲ್ಲೇ ಪುಸ್ತಕದಲ್ಲಿ ಹತ್ತೊಂಬತ್ತು ಮನೆಗಳ ಹೆಸರಿತ್ತು. ಮಳೆ ಬರುವಾಗ ಡಬ್ಬದಲ್ಲಿ ಎರಡೇ ಕಟ್ಟು ಉಳಿದಿತ್ತು. ಒಂದನ್ನು ನಮಗೆ ಕೊಟ್ಟು, ಎಪ್ಪತ್ತು ರೂಪಾಯಿ ಎಣಿಸಿ ತೆಗೆದುಕೊಂಡರು.